ಹಾಲುಕ್ಕಿದ ಕೋಣೆ

ಸ್ವಲ್ಪ ಇರಿ, ಈಗಲೇ ಪುಟ ತಿರುಗಿಸಬೇಡಿ. ಮೊದಲು ಒಂದು ಕೋಣೆಯ ಗೋಡೆ, ನೆಲ, ಕೊಳಾಯಿ ಅಂತ ಹೇಳುತ್ತಾ ಹೋಗುತ್ತೇನೆ. ಇದೆಲ್ಲ ನನಗೆ ಯಾಕೆ ಅಂತ ನಿಮಗೆ ಅನ್ನಿಸುತ್ತದೆ. ಆದರೆ ಆ ಕೋಣೆಯಲ್ಲಿ ಒಂದು ದಿನ ಹಾಲು ಉಕ್ಕಿತು. ಅಲ್ಲಿಯವರೆಗಾದರೂ ಕಾಯಿರಿ. ಆ ಹಾಲಿನಿಂದಲೇ ನಮ್ಮಕ್ಕನ ದನಿ ಹೋಯಿತು. ಹೀಗೆ ಹೇಳಿದರೆ ನಮ್ಮ ಡಾಕ್ಟರಮ್ಮ ಒಪ್ಪುತ್ತಿರಲಿಲ್ಲ. ಇಲ್ಲಿಂದ ಅಲ್ಲಿಗೆ ಅಷ್ಟು ನೆಟ್ಟಗೆ ಗೆರೆ ಎಳೆಯಬೇಡ ಅನ್ನುತ್ತಿದ್ದರು. ನಾನು ಎಳೆಯುತ್ತೇನೆ. ನಾಲ್ಕು ವರ್ಷದಿಂದ ಎಳೆಯುತ್ತಲೇ ಇದ್ದೇನೆ.

ಹುಣಸೂರಿನಿಂದ ಗಾವಡಗೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಧರ್ಮಾಸ್ಪತ್ರೆ ಇದೆ. ಬಾಂಗ್ಲಾ ಯುದ್ಧ ಮುಗಿದ ಮರುವರ್ಷ ನಾನು ಅಲ್ಲಿಗೆ ಟೈಪಿಸ್ಟ್ ಆಗಿ ಸೇರಿದೆ. ಪಿಯುಸಿ ಫೇಲು, ವಯಸ್ಸು ಇಪ್ಪತ್ತೆರಡು. ಕಾಲೇಜು ಬಿಟ್ಟ ಮೇಲೆ ವಿಜ್ಞಾನದ ಹುಚ್ಚು ಇನ್ನೂ ಜಾಸ್ತಿ ಆಗಿತ್ತು. ಮೈಸೂರಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಹೊದಿಕೆ ಹರಿದ ಇಂಗ್ಲಿಷ್ ಪುಸ್ತಕಗಳನ್ನು ತಂದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೆ. ಒಂದು ಮಧ್ಯಾಹ್ನ ಟೈಪ್‌ರೈಟರ್ ಮರೆಯಲ್ಲಿ ಪರಮಾಣುವಿನ ಪುಸ್ತಕ ಇಟ್ಟುಕೊಂಡಿದ್ದಾಗ ಡಾಕ್ಟರಮ್ಮನ ಕೈಗೆ ಸಿಕ್ಕಿಬಿದ್ದೆ. ಬೈಯುತ್ತಾರೆ ಅಂದುಕೊಂಡರೆ, "ಇದರಲ್ಲಿ ಅಯೋಡಿನ್ ಬಗ್ಗೆ ಏನಾದ್ರೂ ಬರೆದಿದಾರೇನೋ?" ಅಂತ ಕೇಳಿದರು.

ಅವರಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಬೊಂಬಾಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹತ್ತಾರು ವರ್ಷ ರೇಡಿಯೋ ಅಯೋಡಿನ್ ವಿಭಾಗದಲ್ಲಿದ್ದು, ತಾಯಿಯ ಊರಿನ ಹತ್ತಿರ ಇರಬೇಕು ಅಂತ ಇಲ್ಲಿಗೆ ಬಂದಿದ್ದರು. ಗಂಟಲಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಅದು ಅತಿಯಾಗಿ ಕೆಲಸ ಮಾಡತೊಡಗಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಕಣ್ಣು ಹೊರಗೆ ಬರುತ್ತವೆ, ಎಷ್ಟು ಉಂಡರೂ ಮೈ ಸೊರಗುತ್ತದೆ. ವಿಕಿರಣ ಸೂಸುವ ಅಯೋಡಿನ್ನನ್ನು ಒಂದು ಗುಟುಕು ಕುಡಿಸಿದರೆ ಆ ಗ್ರಂಥಿ ಅದನ್ನು ತಾನಾಗಿಯೇ ಹೀರಿಕೊಂಡು ಒಳಗಿಂದೊಳಗೇ ತಣ್ಣಗಾಗುತ್ತದೆ. ಕತ್ತಿಗೆ ಚಾಕು ತಾಕುವುದೇ ಇಲ್ಲ. ಇದನ್ನು ಅವರು ಹೇಳಿದ ದಿನ ನಾನು ಊಟ ಮಾಡುವುದನ್ನೂ ಮರೆತೆ. ವಿಜ್ಞಾನದ ಹುಚ್ಚಿಗಲ್ಲ. ಅವರು ಹೇಳಿದ್ದು ಥೇಟು ನಮ್ಮಕ್ಕನನ್ನೇ ಕಂಡ ಹಾಗಿತ್ತು.

ಅಕ್ಕ ನನಗಿಂತ ಹದಿನಾರು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ಅವಳನ್ನು ಹನಗೋಡಿಗೆ ಕೊಟ್ಟಿತ್ತು. ಅವಳ ಗಂಟಲು ಎಂಥದ್ದು ಅಂದರೆ, ಹಿತ್ತಿಲಲ್ಲಿ ನಿಂತು ಒಂದು ಸಲ ಕೂಗಿದರೆ ಲಕ್ಷ್ಮಣತೀರ್ಥದ ಆಚೆ ದಡದಲ್ಲಿ ದನ ಕಾಯುವ ಮಕ್ಕಳು ತಿರುಗಿ ನೋಡುತ್ತಿದ್ದರು. ಕಾಯಿಲೆ ಬಂದ ಮೇಲೆ ನೀರಿನ ಬಿಂದಿಗೆ ಎತ್ತಿದರೆ ಕೈ ನಡುಗಿ ಸೀರೆಯೆಲ್ಲ ನೆನೆಯುತ್ತಿತ್ತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಬಂದೆ. ಡಾಕ್ಟರಮ್ಮ ಕಣ್ಣು ನೋಡಿದ ಕೂಡಲೇ ಹೇಳಿಬಿಟ್ಟರು. ಮೊದಲು ಮಾತ್ರೆ ಕೊಟ್ಟರು, ಮೈಯೆಲ್ಲ ದದ್ದೆದ್ದಿತು. ನಿಲ್ಲಿಸಿದರು. ಆಮೇಲೆ ಉಳಿದದ್ದು ಎರಡೇ ದಾರಿ. ಮೈಸೂರಿನಲ್ಲಿ ಆಪರೇಷನ್, ಇಲ್ಲದಿದ್ದರೆ ಆ ಅಯೋಡಿನ್.

"ಕೋಳಿ ಕತ್ತು ಕುಯ್ದಂಗೆ ಕುಯ್ಯಕ್ಕೆ ನಾನ್ ಕೊಡಾಕಿಲ್ಲ ಕಣ್ಲಾ" ಅಂದಳು ಅಕ್ಕ. "ಅದೇನೋ ನೀರು ಅಂದ್ಯಲ್ಲ, ಅದುನ್ನೇ ತರ್ಸು. ಕಯ್ಯೋ, ಸಿಹಿಯೋ?"

"ರುಚಿನೇ ಇಲ್ಲ ಕಣಕ್ಕ. ಬರೀ ನೀರಂಗೇ."

"ಅದ್ಕೆ ಇಷ್ಟು ಸಡಗರವಾ? ನಮ್ಮನೆ ಬಾವೀಲೇ ಐತಲ್ಲಾ ಅದು."

ಆ ನೀರು ಬಾವಿಯಲ್ಲಿ ಸಿಗುವಂಥದ್ದಲ್ಲ. ಬೊಂಬಾಯಿಯ ಸಮುದ್ರದ ಪಕ್ಕದ ರಿಯಾಕ್ಟರಿನಲ್ಲಿ ತಯಾರಾಗಿ, ಸೀಸದ ಡಬ್ಬಿಯಲ್ಲಿ ಕೂತು ಬರಬೇಕು. ಎಂಟು ದಿನಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತೆ ಎಂಟು ದಿನಕ್ಕೆ ಉಳಿದದ್ದರಲ್ಲಿ ಅರ್ಧ. ಯಾರು ಕೇಳಿದರೂ ಕಳಿಸುವುದಿಲ್ಲ. ಮೊದಲು ಕೋಣೆಗೆ ಪರವಾನಗಿ ಬೇಕು. ತಯಾರಿಸುವವರಿಗೆ ಒಂದು ಬಗೆಯ ಕಟ್ಟಳೆ, ತರಿಸಿಕೊಳ್ಳುವವರಿಗೆ ಇನ್ನೊಂದು ಬಗೆ. ಡಾಕ್ಟರಮ್ಮ ಅರ್ಜಿ ಹಾಕಲು ನಿರ್ಧರಿಸಿದರು. ಅಷ್ಟೂ ಪುಟಗಳನ್ನು ಟೈಪ್ ಮಾಡಿದವನು ನಾನು. ಮಧ್ಯೆ ಕಾರ್ಬನ್ ಹಾಕಿ ಮೂರು ಪ್ರತಿ. ಗೋಡೆಗೆ ಎಣ್ಣೆ ಬಣ್ಣ, ಯಾಕೆಂದರೆ ಸುಣ್ಣ ಹೀರುತ್ತದೆ. ನೆಲಕ್ಕೆ ಲಿನೋಲಿಯಂ, ಸಂದಿ ಇರಬಾರದು. ಕೈ ಬಳಸದೆ ಮೊಣಕೈಯಿಂದ ತಿರುಗಿಸುವ ಕೊಳಾಯಿ. ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಗೂಡು, ಅದರ ಮೇಲೆ ಮಾಳಿಗೆ ದಾಟುವ ಕೊಳವೆ, ಕೊಳವೆಯೊಳಗೆ ಫ್ಯಾನು. ಔಷಧದ ಸೀಸೆ ಬಿಚ್ಚುವುದು ಆ ಗೂಡಿನೊಳಗೆ, ಸೀಸದ ಇಟ್ಟಿಗೆಗಳ ಮರೆಯಲ್ಲಿ. ಬಾಗಿಲಿಗೆ ವಿಕಿರಣದ ಎಚ್ಚರಿಕೆಯ ಮೂರು ಎಸಳಿನ ಹಳದಿ ಗುರುತು. ಅದನ್ನು ನೋಡಿದವರೆಲ್ಲ ಒಳಗೆ ದೊಡ್ಡ ಫ್ಯಾನ್ ಇದೆ ಅಂತ ತಿಳಿದು, ಸೆಕೆಗೆ ಸ್ವಲ್ಪ ಹೊತ್ತು ಕೂರಲೇ ಅಂತ ಕೇಳುತ್ತಿದ್ದರು.

ಕನ್ನಡದ ಫಲಕ ಬರೆದದ್ದೂ ನಾನೇ. 'ಈ ಕೋಣೆಯಲ್ಲಿ ತಿನ್ನಬಾರದು, ಕುಡಿಯಬಾರದು, ಬೀಡಿ ಸೇದಬಾರದು, ಎಲೆ ಅಡಿಕೆ ಹಾಕಬಾರದು.' ಎಲೆ ಅಡಿಕೆ ಬೊಂಬಾಯಿಯವರ ಪಟ್ಟಿಯಲ್ಲಿರಲಿಲ್ಲ. ಸೇರಿಸಿದ್ದಕ್ಕೆ ಡಾಕ್ಟರಮ್ಮ ಬೆನ್ನು ತಟ್ಟಿದ್ದರು. ಆಸ್ಪತ್ರೆಯ ಎಲ್ಲರನ್ನೂ ನಿಲ್ಲಿಸಿ ಪಾಠ ಹೇಳಿದೆ. ನೆಲ ಒರೆಸುವ ಆಯಾ ಎಚ್.ಡಿ. ಕೋಟೆ ಕಾಡಂಚಿನ ಹಾಡಿಯಿಂದ ಬಂದವರು, ಓದು ಬರಹ ಬಾರದವರು. ಅವರಿಗಂತೂ ಐದು ಸಲ, ಆರು ಸಲ ಹೇಳಿದೆ. ಇವರೇ ಎಲ್ಲೋ ಕೆಡಿಸುತ್ತಾರೆ ಅನ್ನುವ ಭಯ ನನಗೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೋಣೆ ಮುಗಿಯಿತು. ಬೊಂಬಾಯಿಯಿಂದ ಅಧಿಕಾರಿ ಬಂದು ನೋಡುವ ದಿನ ಗೊತ್ತಾಯಿತು. ಹನ್ನೊಂದು ಗಂಟೆಗೆ ಬರುತ್ತಾರೆ ಅಂತ ಕಾಗದ. ಅವರು ಒಪ್ಪಿದರೆ ಮುಂದಿನ ತಿಂಗಳೇ ಮೊದಲ ಸೀಸೆ, ಮೊದಲ ರೋಗಿ ನಮ್ಮಕ್ಕ. ಭಾವನನ್ನು ಒಪ್ಪಿಸಿಯಾಗಿತ್ತು. ಹನಗೋಡಿನಿಂದ ಬಸ್ಸಿನಲ್ಲಿ ಬಂದು, ಕುಡಿದು, ಹಿಂದಿನ ಕೋಣೆಯಲ್ಲಿ ನಾಲ್ಕು ದಿನ ಇದ್ದು ಹೋದರಾಯಿತು ಅಂತ ಅವನೂ ಹೂಂ ಅಂದಿದ್ದ.

ಹಿಂದಿನ ದಿನ ಸಂಜೆಯ ಬಸ್ಸಿಗೆ ಅವ್ವ ಬಂದಿಳಿದಳು. ಜೊತೆಗೆ ಅಕ್ಕ. ಅವ್ವನ ಕೈಯಲ್ಲಿ ಹೊಸ ಮಡಿಕೆ, ಬಾಯಿ ಕಟ್ಟಿದ ಬಟ್ಟೆಯಲ್ಲಿ ಅರಿಶಿನ, ಕುಂಕುಮ, ಅಕ್ಕಿ, ಬೆಲ್ಲ.

"ಇದೇನವ್ವ?"

"ಏನ್ಲಾ ಇದೇನು ಅಂದ್ರೆ? ಹೊಸ ಕ್ವಾಣೆ ಅಂದೆ. ಆಲುಕ್ಕಿಸ್ದೆ ನನ್ನ ಮಗಳ್ನ ಅದರೊಳಕ್ಕೆ ಕಳಿಸ್ಲಾ?"

ನಾನು ನಿಯಮ ಹೇಳಬೇಕಿತ್ತು. ಫಲಕ ಬರೆದ ಕೈ ನನ್ನದೇ ಆಗಿತ್ತು. ಆದರೆ ನನ್ನ ತಲೆ ಹಳೆ ಪುಸ್ತಕದ ತಲೆ. ತಿನ್ನಬಾರದು ಅನ್ನುವುದು ಯಾಕೆ? ಬೆರಳಿಗೆ ಅಂಟಿದ ಅಯೋಡಿನ್ ಬಾಯಿಗೆ ಹೋಗಬಾರದು ಅಂತ. ಅಯೋಡಿನ್ ಇನ್ನೂ ಬೊಂಬಾಯಿಯಲ್ಲೇ ಇದೆ. ಹಾಗಾದರೆ ಇವತ್ತು ಇದು ಬರೀ ಬಣ್ಣ ಬಳಿದ ಕೋಣೆ. ನಿಯಮ ಸೀಸೆ ಬಂದ ದಿನದಿಂದ ಶುರು. ಈ ತರ್ಕದಲ್ಲಿ ಈಗಲೂ ನನಗೆ ತಪ್ಪು ಸಿಕ್ಕಿಲ್ಲ. ಅದೇ ನನ್ನ ಕರ್ಮ.

ಬೆಳಿಗ್ಗೆ ಆರೂವರೆಗೆ ಬೀಗ ತೆಗೆದೆ. ಅವ್ವ ಹೊಸ್ತಿಲಿಗೆ ಅರಿಶಿನ ಬಳಿದಳು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸಿದಳು. ಒಳಗೆ ಬಂದು ಪೂರ್ವದ ಮೂಲೆ ಯಾವುದು ಅಂತ ಕೇಳಿದಳು. ಪೂರ್ವದ ಮೂಲೆಯಲ್ಲಿ ಇದ್ದದ್ದು ಆ ಗಾಜಿನ ಗೂಡು.

"ಓಹೋ, ಒಲೆಗೂಡು ಆಗ್ಲೇ ಕಟ್ಟವ್ರೆ! ಹೊಗೆ ಓಗಕ್ಕೆ ಕೊಳವೆನೂ ಐತೆ. ನಮ್ಮನೇಲಿ ಇಂಗೊಂದು ಇದ್ದಿದ್ರೆ ನನ್ನ ಕಣ್ಣಾದ್ರೂ ಉಳೀತಿತ್ತು."

ನಗು ಬಂತು ನನಗೆ. ನಕ್ಕೆ. ಸೀಸದ ಇಟ್ಟಿಗೆಗಳನ್ನೇ ಮೂರು ಜೋಡಿಸಿ ಒಲೆ ಮಾಡಿದಳು. ಸೀಸ ಬೆಂಕಿಗೆ ಕರಗುತ್ತದೆ ಅಂತ ನಾನು ಕೂಗಿಕೊಂಡ ಮೇಲೆ ಸೀಮೆಎಣ್ಣೆ ಸ್ಟೌ ತರಿಸಿದಳು. ಇಟ್ಟಿಗೆಗಳಿಗೆ ಮಾತ್ರ ಕುಂಕುಮ ಇಟ್ಟು ಪಕ್ಕಕ್ಕೆ ಕೂರಿಸಿದಳು. ಸುದ್ದಿ ತಿಳಿದು ನರ್ಸುಗಳು ಬಂದರು, ಕಾಂಪೌಂಡರ್ ಬಂದರು. ಹಾಲು ಉಕ್ಕಿತು. ಉಕ್ಕಿದ್ದು ಪೂರ್ವಕ್ಕೇ. ಸುರಿದು ಗೂಡಿನ ಉಕ್ಕಿನ ತಟ್ಟೆಯ ಮೇಲೆ ಹರಿಯಿತು.

"ಮೂಡ್ಲಾಗಿ ಉಕ್ತು! ನೋಡ್ದಾ ಮಗಾ, ಇನ್ನು ನಿನ್ನಕ್ಕಂಗೆ ಏನೂ ಆಗಕ್ಕಿಲ್ಲ" ಅಂದಳು ಅವ್ವ. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ.

ಉಳಿದ ಹಾಲಿಗೆ ಬೆಲ್ಲ ಹಾಕಿ ಲೋಟಗಳಿಗೆ ಹುಯ್ದಳು. ಎಲ್ಲರೂ ಅಲ್ಲೇ ನಿಂತು ಕುಡಿದೆವು. ಆಯಾ ಮಾತ್ರ ತಮ್ಮ ಲೋಟ ಹಿಡಿದು ಹೊರಗೆ ಹೋದರು. ನಾಚಿಕೆಗೆ ಹೋದರು ಅಂದುಕೊಂಡೆ. ರೌಂಡ್ಸ್ ಮುಗಿಸಿಕೊಂಡು ಡಾಕ್ಟರಮ್ಮ ಬಂದರು. ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಅವರ ಮುಖದ ಬಣ್ಣ ಬದಲಾದದ್ದು ನನಗೆ ಕಂಡಿತು. ಆದರೆ ಅವ್ವ ಆಗಲೇ ಎರಡೂ ಕೈಯಲ್ಲಿ ಲೋಟ ಚಾಚಿಬಿಟ್ಟಿದ್ದಳು.

"ತಕ್ಕಳ್ಳಿ ತಾಯಿ. ನನ್ನ ಮಗಳ್ನ ನಿಮ್ಮ ಮಡ್ಲಿಗಾಕಿವ್ನಿ."

ಆ ಮಾತಿಗೆ ಯಾರು ಇಲ್ಲ ಅನ್ನುತ್ತಾರೆ? ಡಾಕ್ಟರಮ್ಮ ಒಳಗೆ ಕಾಲಿಟ್ಟು ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದಿರಬಹುದು. ಅಷ್ಟರಲ್ಲಿ ಅವರ ಹಿಂದೆ ಯಾರೋ ಕೆಮ್ಮಿದರು.

ಹನ್ನೊಂದಕ್ಕೆ ಬರಬೇಕಾದವರು ಎಂಟಕ್ಕೇ ಬಂದಿದ್ದರು. ಹುಣಸೂರಿನ ಬಂಗಲೆಯಲ್ಲಿ ಉಳಿದಿದ್ದರಂತೆ, ಬೇಗ ಎಚ್ಚರವಾಯಿತಂತೆ. ಧಾರವಾಡದ ಕಡೆಯ ಮನುಷ್ಯ, ಬಿಳಿ ಅಂಗಿ, ಕೈಯಲ್ಲಿ ವಿಕಿರಣ ಅಳೆಯುವ ಗೈಗರ್ ಕೌಂಟರಿನ ಪೆಟ್ಟಿಗೆ. ಅವರು ನಮ್ಮನ್ನು ನೋಡಲಿಲ್ಲ. ಅವ್ವನ ತಲೆಯ ಮೇಲೆ ಗೋಡೆಯಲ್ಲಿದ್ದ ಫಲಕ ಓದುತ್ತಿದ್ದರು. ನಿಧಾನವಾಗಿ, ಎಲೆ ಅಡಿಕೆಯವರೆಗೂ ಓದಿದರು.

ಅವ್ವ ಅವರಿಗೂ ಲೋಟ ಚಾಚಿದಳು.

"ಇಲ್ಲಿ ಬ್ಯಾಡ್ರಿ ಅವ್ವಾರ. ಹೊರಗ ಕುಡೀತೀನಿ" ಅಂದು ಎರಡೂ ಕೈಯಿಂದ ತೆಗೆದುಕೊಂಡು, ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕುಡಿದರು. ಅಲ್ಲಿ ಆಯಾ ಕೂತಿದ್ದರು. "ನೀವ್ಯಾಕ್ರಿ ಹೊರಗ ಕುಂತೀರಿ?" ಅಂತ ಕೇಳಿದ್ದು ನಮಗೂ ಕೇಳಿಸಿತು.

"ಆ ಸಾಮಿ ಆರು ಸಲ ಯೋಳವ್ರೆ, ವಳಗೆ ಏನೂ ಬಾಯ್ಗಾಕಬ್ಯಾಡ ಅಂತವ. ಅದ್ಕೇಯ."

ಅಧಿಕಾರಿ ನಗಲಿಲ್ಲ. ಒಳಗೆ ಬಂದು ಎಲ್ಲ ಅಳೆದರು. ಗೋಡೆ ಸರಿ, ನೆಲ ಸರಿ, ಕೊಳಾಯಿ ಸರಿ, ಫ್ಯಾನಿನ ಸೆಳೆತ ಸರಿ. ಗೂಡಿನಲ್ಲಿ ಹಾಲು ಒಣಗಿ ಕೆನೆಗಟ್ಟಿತ್ತು. ನನಗೆ ಬಾಯಿ ತಡೆಯಲಾಗಲಿಲ್ಲ.

"ಸಾರ್, ಇವತ್ತು ಇಲ್ಲಿ ಅಯೋಡಿನ್ನೇ ಇಲ್ಲ. ನಿಮ್ಮ ಮೆಷಿನ್ ಇಟ್ಟು ನೋಡಿ ಸಾರ್. ಅಪಾಯ ಸೊನ್ನೆ."

"ಖರೆ ಐತಿ" ಅಂದರು. "ಇವತ್ತ ಇಲ್ಲಿ ಏನೂ ಇಲ್ಲ ಅಂತ ನಿನಗ ಗೊತ್ತೈತಿ. ಇದ್ದ ದಿನ ಅವರಿಗೆ ಹ್ಯಾಂಗ ಗೊತ್ತಾಗಬೇಕು? ಅದಕ್ಕ ಬಣ್ಣಿಲ್ಲ, ವಾಸನಿಲ್ಲ. ಎರಡೂ ದಿನ ಈ ಕೋಣಿ ಹಿಂಗ ಕಾಣತೈತಿ ತಮ್ಮಾ."

ಅವರು ಕೆಟ್ಟವರಾಗಿದ್ದರೆ ನನಗೆಷ್ಟೋ ಸುಲಭವಾಗುತ್ತಿತ್ತು. ಕೈಚಾಚುವವರಾಗಿದ್ದರೆ, ದರ್ಪದವರಾಗಿದ್ದರೆ ಇಷ್ಟು ದಿನಕ್ಕೆ ಊರೂರಲ್ಲಿ ಬೈದುಕೊಂಡು ಬಂದಿರುತ್ತಿದ್ದೆ. ಹಾಲು ಚೆನ್ನಾಗಿತ್ತು ಅಂತ ಅವ್ವನಿಗೆ ಕೈ ಮುಗಿದು, ಅಕ್ಕನ ಕಡೆ ಒಮ್ಮೆ ನೋಡಿ, ಹೊರಟುಹೋದರು.

ಎರಡು ವಾರಕ್ಕೆ ಕಾಗದ ಬಂತು. ಕಟ್ಟಡ ತೃಪ್ತಿಕರ, ಶಿಸ್ತು ತೃಪ್ತಿಕರವಲ್ಲ. ಔಷಧ ಒಳಗಿದೆ ಎಂದೇ ತಿಳಿದು ಖಾಲಿ ಕೋಣೆಯನ್ನು ಆರು ತಿಂಗಳು ನಡೆಸಿ ತೋರಿಸಿ, ಆಮೇಲೆ ಮತ್ತೆ ಪರಿಶೀಲಿಸೋಣ. ಕೊನೆಯಲ್ಲಿ ಒಂದು ಸಾಲು: ಸಿಬ್ಬಂದಿಯಲ್ಲಿ ನಿಯಮ ಪಾಲಿಸಿದವರು ನೆಲ ಒರೆಸುವ ಹೆಂಗಸು ಮಾತ್ರ.

ನಾನು ಅವತ್ತೇ ಒಂದು ಉತ್ತರ ಟೈಪ್ ಮಾಡಿದೆ. ಕೋಣೆಯನ್ನು ಗಾರೆಯವರು ಇನ್ನೂ ನಮಗೆ ಒಪ್ಪಿಸಿರಲಿಲ್ಲ, ಪೂಜೆ ಮಾಡಿದವರು ಗಾರೆಯವರ ಮನೆಯವರು ಅಂತ. ಡಾಕ್ಟರಮ್ಮ ಓದಿ ಮೂರು ಪ್ರತಿಯನ್ನೂ ಒಟ್ಟಿಗೇ ಹರಿದರು. ಕಾರ್ಬನ್ ಅವರ ಬೆರಳಿಗೆಲ್ಲ ಮೆತ್ತಿಕೊಂಡಿತು.

"ಲೈಸೆನ್ಸ್ ಅಂದ್ರೆ ಏನು ಅಂದ್ಕೊಂಡಿದೀಯೋ? ನಾವು ಹೇಳಿದ್ದನ್ನ ಅವರು ನಂಬೋದು. ಅಷ್ಟೇ ಅದು. ಹಾಲು ಕುಡಿದವಳು ನಾನು. ಹಾಗೇ ಬರಿ."

ಹಾಗೇ ಬರೆದೆ.

ಆರು ತಿಂಗಳು ನಾನು ಎದೆಗೆ ವಿಕಿರಣ ತಾಕಿದರೆ ತೋರಿಸುವ ಫಿಲಂ ಬಿಲ್ಲೆ ಚುಚ್ಚಿಕೊಂಡು ಖಾಲಿ ಕೋಣೆ ಕಾಯ್ದೆ. ದಿನಾ ಬೆಳಿಗ್ಗೆ ಅಳೆದು ರಿಜಿಸ್ಟರಿನಲ್ಲಿ 'ಏನೂ ಇಲ್ಲ' ಅಂತ ಬರೆಯುವುದು. ಇಲ್ಲದ ಔಷಧವನ್ನು ಇಕ್ಕಳದಲ್ಲಿ ಎತ್ತಿ, ಇಲ್ಲದ ರೋಗಿಗೆ ಕುಡಿಸಿ, ಇಲ್ಲದ ಕಲೆಯನ್ನು ಒರೆಸುವುದು. ಆಯಾ ನನಗಿಂತ ಚೆನ್ನಾಗಿ ಮಾಡುತ್ತಿದ್ದರು.

ಇಷ್ಟರಲ್ಲಿ ಹನಗೋಡಿಗೆ ಬೇರೆಯೇ ಕಥೆ ಹೋಗಿ ಮುಟ್ಟಿತ್ತು. ಬೊಂಬಾಯಿಯಿಂದ ಸಾಹೇಬರು ಮೆಷಿನ್ ತಂದು ನೋಡಿದರಂತೆ, ಒಳಗೆ ವಿಷ ಇತ್ತಂತೆ, ಅದಕ್ಕೇ ಬಾಗಿಲು ಹಾಕಿಸಿದರಂತೆ. ಡಾಕ್ಟರಮ್ಮ ದೂರದ ಊರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು, ಅಲ್ಲಾದರೂ ಅಕ್ಕ ಆ ಔಷಧ ಕುಡಿಯಲಿ ಅಂತ. ನಾನು ಚೀಟಿ ಹಿಡಿದು ಹನಗೋಡಿಗೆ ಹೋದೆ. ಭಾವ ಜಗಲಿಯಿಂದ ಏಳಲೂ ಇಲ್ಲ.

"ಸರ್ಕಾರದವ್ರೇ ಬ್ಯಾಡ ಅಂದ ನೀರ್ನ ನನ್ನ ಎಂಡ್ರಿಗೆ ಕುಡಿಸ್ಲಾ? ಏನಪ್ಪಾ ನಿನ್ನ ತಿಳುವಳಿಕೆ?"

"ನೀರು ಬ್ಯಾಡ ಅಂದಿಲ್ಲ ಭಾವ. ಕೋಣೆ ಬ್ಯಾಡ ಅಂದ್ರು. ನಾವು ಒಳಗೆ ಹಾಲು ಕುಡಿದ್ವಿ, ಅದಕ್ಕೆ."

"ಆಲು ಕುಡುದ್ರೆ ಲೈಸೆನ್ಸ್ ಕೊಡಾಕಿಲ್ವಾ? ಯಾರ್ಗೆ ಯೋಳ್ತೀಯ ಬುಡು."

ನಿಜ ಹೇಳಿದರೂ ಸುಳ್ಳಿನಂತೆ ಕೇಳಿಸುತ್ತಿತ್ತು. ಅಕ್ಕ ಕಂಬಕ್ಕೊರಗಿ ಕೂತಿದ್ದಳು. ನನ್ನ ಕಡೆ ನೋಡಿದಳು. ಆ ಮನೆಯಲ್ಲಿ ಅವಳ ಮಾತು ನಡೆಯುವ ಕಾಲ ಮುಗಿದಿತ್ತು.

ಆರು ತಿಂಗಳ ಮೇಲೆ ಬೊಂಬಾಯಿಗೆ ಬರೆದೆವು. ಉತ್ತರವಿಲ್ಲ. ಮತ್ತೆ ಬರೆದೆವು. ಆ ಅಧಿಕಾರಿಗೆ ವರ್ಗವಾಗಿದೆ, ಹೊಸ ನಮೂನೆಯಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಿ ಅಂತ ಬಂತು. ಟೈಪ್ ಮಾಡುತ್ತಿದ್ದಾಗಲೇ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಯಿತು. ಹಳೆ ಹೆಸರಿದ್ದ ಪುಟಗಳನ್ನೆಲ್ಲ ಮತ್ತೆ ಹೊಡೆದೆ. ಅಯೋಡಿನ್ ಎಂಟು ದಿನಕ್ಕೆ ಅರ್ಧವಾದರೂ ಆಗುತ್ತದೆ. ಫೈಲಿಗೆ ಆ ಗುಣವೂ ಇಲ್ಲ.

ಅರ್ಜಿ ಹೋದ ತಿಂಗಳು ಅಕ್ಕನ ಎದೆ ಕೈಕೊಟ್ಟಿತು. ಕಾಲು ಊದಿ, ಉಸಿರು ಕಟ್ಟಿ, ಎತ್ತಿನ ಗಾಡಿಯಲ್ಲಿ ಬಂದಳು. ಡಾಕ್ಟರಮ್ಮ ಎದೆಯನ್ನು ಒಂದು ಹದಕ್ಕೆ ತಂದು, ಇನ್ನು ಕಾಯಲಾಗುವುದಿಲ್ಲ ಅಂದರು. ಕತ್ತು ಕೊಡುವುದಿಲ್ಲ ಅಂದವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಸಹಿ ಮಾಡಿದವನು ನಾನು. ಆಪರೇಷನ್ ಮಾಡಿದವರ ತಪ್ಪಲ್ಲ. ದನಿಯ ನರ ಆ ಗ್ರಂಥಿಗೆ ಅಂಟಿಕೊಂಡೇ ಹೋಗುತ್ತದೆ, ಕೆಲವರಲ್ಲಿ ಹೀಗಾಗುತ್ತದೆ. ಪುಸ್ತಕದಲ್ಲೂ ಹಾಗೇ ಇದೆ. ಅಕ್ಕ ಉಳಿದಳು. ಎದೆ ತಣ್ಣಗಾಯಿತು, ಕೈ ನಡುಗುವುದು ನಿಂತಿತು. ಕಣ್ಣು ಬಿಟ್ಟ ಮೇಲೆ ನನ್ನನ್ನು ಕರೆದಳು. ಬಾಯಿ ಅಲ್ಲಾಡಿತು, ಬಂದದ್ದು ಬರೀ ಗಾಳಿ.

ಡಾಕ್ಟರಮ್ಮ ಕೆಲಸ ಬಿಟ್ಟು ತಂಗಿಯ ಊರಿಗೆ ಹೊರಟುಹೋದರು. ಹೋಗುವಾಗ ಅವರ ಇಂಗ್ಲಿಷ್ ಪುಸ್ತಕಗಳನ್ನೆಲ್ಲ ನನಗೆ ಕೊಟ್ಟರು. ಎರಡನೆಯ ಅರ್ಜಿ ಏನಾಯಿತು ಅಂತ ಕೇಳುವವರು ಆಸ್ಪತ್ರೆಯಲ್ಲಿ ಯಾರೂ ಉಳಿಯಲಿಲ್ಲ. ಕೋಣೆ ಈಗಲೂ ಇದೆ. ನರ್ಸುಗಳು ಮಧ್ಯಾಹ್ನ ಅಲ್ಲೇ ಊಟ ಮಾಡುತ್ತಾರೆ. ಗಾಜಿನ ಗೂಡಿನಲ್ಲಿ ಅವರ ಬುತ್ತಿಯ ಡಬ್ಬಿಗಳು, ಸಾರು ಬಿಸಿ ಮಾಡಲು ಸ್ಟೌ. ಮೇಲೆ ನನ್ನ ಫಲಕ. ನಾನು ತೆಗೆದಿಲ್ಲ, ಅವರೂ ತೆಗೆದಿಲ್ಲ. ಆಯಾ ಮಾತ್ರ ಹೊರಗೆ ಬೇವಿನ ಮರದ ಕೆಳಗೆ ಉಣ್ಣುತ್ತಾರೆ. ಒಳಗೇ ಕೂತು ಉಣ್ಣಿ, ಇನ್ನೇನಿದೆ ಅಲ್ಲಿ ಅಂದೆ ಒಂದು ದಿನ. "ಏನೂ ಇಲ್ಲ ಅಂತ್ಲೇ ಅಲ್ವಾ ಸಾಮಿ ನೀವು ಅವತ್ತೂ ಅಂದಿದ್ದು" ಅಂದರು.

ಕಳೆದ ತಿಂಗಳು ಹನಗೋಡಿಗೆ ಹೋಗಿದ್ದೆ. ಸಂಜೆ ಅಕ್ಕ ಹಿತ್ತಿಲಿಗೆ ಬಂದು, ಮಕ್ಕಳನ್ನು ಕರೆಯಲು ಕಲ್ಲಿನ ಮೇಲೆ ಹಿತ್ತಾಳೆ ತಟ್ಟೆ ಬಡಿದಳು. ಆಚೆ ದಡಕ್ಕೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಬಡಿದಳು. ನಾನು ಕೂಗಲು ಹೋದೆ, ಬೇಡ ಅಂತ ಕೈ ಮಾಡಿದಳು. ಆಮೇಲೆ ಹತ್ತಿರ ಬಂದು, ನನ್ನ ಕಿವಿಗೆ ಬಾಯಿ ಇಟ್ಟು ಗಾಳಿಯಲ್ಲೇ ಕೇಳಿದಳು: "ಓದ್ತೀಯಲ್ಲ ಅಷ್ಟೊಂದು. ಇದು ವಾಪಸ್ ಬತ್ತದಾ?"

ನನ್ನ ಪುಸ್ತಕಗಳಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ ಅಂತಷ್ಟೇ ಇದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ, ನಿಮ್ಮೂರಲ್ಲಿ ಈ ಆಪರೇಷನ್ ಆಗಿ ದನಿ ಹೋದವರಿದ್ದರೆ, ಅದು ಮತ್ತೆ ಬಂತೇ, ಎಷ್ಟು ವರ್ಷಕ್ಕೆ ಬಂತು, ಏನು ಮಾಡಿದಿರಿ ಅಂತ ಬರೆಯಿರಿ. ಬರಲೇ ಇಲ್ಲ ಅನ್ನುವುದಾದರೆ ಅದನ್ನೂ ಬರೆಯಿರಿ. ಅಕ್ಕನಿಗೆ ಓದಿ ಹೇಳುವುದೋ ಬೇಡವೋ ಅಂತ ನಾನು ಆಮೇಲೆ ಯೋಚಿಸುತ್ತೇನೆ.